ಕಿವಿಕೋಲು

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರ್ದು, ಹೇಳಿದ್ರ ಆಯುಷ್ಯ ಕಡಿಮಿ ಆಗ್ತೈತಿ ಅಂತ ನಮ್ಮವ್ವ ಹೇಳ್ತಿದ್ಲು. ನಾ ಹೇಳ್ತೀನಿ. ಕೊಟ್ಟೂರಪ್ಪ. ಬಳ್ಳಾರಿ ಸತ್ಯನಾರಾಯಣಪೇಟಿಯೊಳಗ ಜೀಪ್ ಕೊಟ್ಟೂರಪ್ಪ ಅಂದ್ರ ಸಾಕು, ಆಟೋದವ್ರು ಸೀದಾ ನಮ್ಮ ಮನಿ ಮುಂದ ತಂದು ಇಳಸ್ತಾರ. ಅವ್ರಿಗೀಗ ಅರವತ್ತೆರಡು ವರ್ಷ, ಆಯುಷ್ಯಕ್ಕೇನೂ ಆಗಿಲ್ಲ. ಆಗಿದ್ದು ಕಿವಿಗೆ. ಅದೂ ನಾ ಹೆಸರು ಹೇಳಿದ್ದಕ್ಕಲ್ಲ, ಮೂವತ್ನಾಕು ವರ್ಷ ಆ ಹಾಳು ಎಂಜಿನ್ನುಗಳಿಗೆ ಕಿವಿ ಕೊಟ್ಟಿದ್ದಕ್ಕ.

ನಮ್ಮ ಮನಿ ಮುಂದ ತಗಡಿನ ಶೆಡ್ಡು ಐತಿ, ಹಿಂದ ಎರಡು ಖೋಲಿ, ನಡುವ ನನ್ನ ಅಡಿಗಿ ಮನಿ. ಅಡಿಗಿ ಮನಿ ಕಿಟಕಿ ಶೆಡ್ಡಿನ ಕಡಿಗೇ ತಗೀತೈತಿ. ಯಾವ ಪುಣ್ಯಾತ್ಮ ಕಟ್ಟಿಸಿದ್ನೋ ಏನೋ. ನನ್ನ ಒಗ್ಗರಣಿ ವಾಸನಿ ಶೆಡ್ಡಿಗೆ ಹೋಗ್ತೈತಿ, ಅವ್ರ ಡೀಸೆಲ್ ವಾಸನಿ ನನ್ನ ಸಾರಿನೊಳಗ ಬರ್ತೈತಿ. ಬೆಳಿಗ್ಗೆ ಒಂಬತ್ತಕ್ಕ ಶುರುವಾದ ಸಪ್ಪಳ ದೀಪ ಹಚ್ಚೋತನಕ ನಿಲ್ಲಂಗಿಲ್ಲ. ಮೊದಮೊದಲು ತಲಿ ಹಿಡ್ಕೊಂಡು ಕುಂದರ್ತಿದ್ದೆ. ಆಮ್ಯಾಲ ಯಾವಾಗ ರೂಢಿ ಆತೋ ಗೊತ್ತಿಲ್ಲ, ರೊಟ್ಟಿ ಬಡೀತಾ ಬಡೀತಾ ಓಣಿ ಮೂಲ್ಯಾಗ ಬರೋ ಜೀಪು ಯಾರದು ಅಂತ ಹೇಳೋವಷ್ಟು ಆತು.

ಇವ್ರಿಗೆ ಬರೋದು ಒಂದೇ ಕೆಲಸ. ಹಳೇ ಜೀಪು, ಅದೂ ನಾಕೂ ಗಾಲಿ ಎಳಿಯೋವು. ಬೇರೆ ಗಾಡಿ ತಂದ್ರ ಮುಖ ಸೊಟ್ಟ ಮಾಡ್ತಾರ. ಈ ಜೀಪಿನಾಗ ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್ ಇರ್ತೈತಿ, ಅದನ್ನ ಹಾಕಿದ್ರ ಹಿಂದಿನ ಗಾಲಿ ಜೋಡಿ ಮುಂದಿನವೂ ಎಳೀತಾವು. ಸಿರುಗುಪ್ಪ, ಕುರುಗೋಡು ಕಡಿ ಭತ್ತದ ಗದ್ದಿ ಇದ್ದೋರು ಎರಿಮಣ್ಣಿನ ಕೆಸರಿನಾಗ, ಕಾಲುವಿ ದಂಡಿ ಮ್ಯಾಲ ಸಸಿ, ಗೊಬ್ಬರ, ಆಳುಮಂದಿ ಒಯ್ಯಾಕ ಇವತ್ತಿಗೂ ಇವನ್ನ ಇಟ್ಕೊಂಡಾರ. ಅಪ್ಪ ತಗೊಂಡಿದ್ದು, ಮಗ ಓಡ್ಸೋದು. ಸಾಮಾನು ಸಿಗಂಗಿಲ್ಲ, ಹೊಸಾ ಮೆಕ್ಯಾನಿಕ್ಕುಗಳಿಗೆ ತಿಳಿಯಂಗಿಲ್ಲ, ಕಡೀಕ ನಮ್ಮ ಶೆಡ್ಡಿಗೇ ಬರಬೇಕು.

ಹೊಸ ಗಾಡಿಗೆ ಕಂಪ್ಯೂಟರ್ ಹಚ್ಚಿ ರೋಗ ಹುಡುಕ್ತಾರಂತ. ಇವ್ರ ಹತ್ರ ಇದ್ದಿದ್ದು ಒಂದು ಕೋಲು. ಮೊಳ ಉದ್ದದ ಹುಣಸಿ ಕಟಗಿ, ಹಿಡಿದು ಹಿಡಿದು ನುಣ್ಣಗಾಗೈತಿ. ಎಂಜಿನ್ ಚಾಲು ಮಾಡಿಸಿ, ಅದರ ಒಂದು ತುದಿ ಗೇರ್ ಬಾಕ್ಸಿಗೆ ಒತ್ತಿ, ಇನ್ನೊಂದು ತುದಿ ಕಿವಿಗೆ ಹಚ್ಕೊಂಡು ಕಣ್ಣು ಮುಚ್ಚೋರು. ಆವಾಗ ಶೆಡ್ಡಿನಾಗ ಯಾರೂ ಕೆಮ್ಮಂಗಿಲ್ಲ. ಒಂದು ನಿಮಿಷಕ್ಕ ಕಣ್ಣು ತಗದು, ಇಂಥಾ ಕಡಿ ಇಂಥಾ ಬೇರಿಂಗ್ ಹೋಗೈತಿ ಅನ್ನೋರು. ಬಿಚ್ಚಿ ನೋಡಿದ್ರ ಅದೇ ಹೋಗಿರ್ತಿತ್ತು. ಮಂದಿ ಅದಕ್ಕ ಕಿವಿಕೋಲು ಅಂತ ಹೆಸರಿಟ್ಟಿದ್ರು. ಲಗ್ನ ಆದ ಹೊಸದಾಗ ನಾ ಗೊತ್ತಿಲ್ದ ಆ ಕೋಲಿನಿಂದ ನೀರೊಲಿ ಕೆದಕಿಬಿಟ್ಟೆ. ಒಂದು ತುದಿ ಸುಟ್ಟು ಕರ್ರಗಾತು. ಬೈಲಿಲ್ಲ, ಎರಡು ದಿನ ಊಟ ಬಿಟ್ರು. ಅವತ್ತಿನಿಂದ ನಾ ಅದಕ್ಕ ಕೈ ಹಚ್ಚಿದ್ದಿಲ್ಲ.

ಲಗ್ನದ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ, ಮುಂದ ಬೇಕಾಗ್ತೈತಿ. ನಾ ಕುರುಗೋಡಿನಾಕಿ. ಅಕ್ಕಿಕಾಳು ಬಿದ್ದ ಮರುದಿನ ನನ್ನ ಬಳ್ಳಾರಿಗೆ ಕರ್ಕೊಂಡು ಬಂದಿದ್ದೂ ಜೀಪಿನಾಗೇ, ಯಾರೋ ರಿಪೇರಿಗೆ ಬಿಟ್ಟಿದ್ದ ಜೀಪು. ಮುಂದ ನಾನೂ ಇವ್ರೂ, ಹಿಂದ ಇವ್ರ ಸೋದರತ್ತಿ ಬುತ್ತಿ ಬುಟ್ಟಿ ಹಿಡ್ಕೊಂಡು. ನಮ್ಮೂರ ಹಳ್ಳದ ಕೆಸರು ದಾಟಾಕ ಇವ್ರು ಮುಂದಿನ ಗಾಲಿ ಲಿವರ್ ಹಾಕಿದ್ರು. ಡಾಂಬರ್ ರೋಡಿಗೆ ಬಂದ ಮ್ಯಾಲ ಅದನ್ನ ತಗೀಬೇಕು. ಕೆಸರಿನಾಗ ಗಾಲಿ ಜಾರಿ ಹೆಂಗೋ ಹೊಂದ್ಕೊಂತಾವು, ಡಾಂಬರಿನ ಮ್ಯಾಲ ಜಾರಂಗಿಲ್ಲ. ಮುಂದಿನವು ಒಂದು ಕಡಿ, ಹಿಂದಿನವು ಒಂದು ಕಡಿ ಜಗ್ಗಿ ಒಳಗೊಳಗ ಬಿಗಿದು ಕುಂದರ್ತೈತಿ. ಆಮ್ಯಾಲ ಏನು ಮಾಡಿದ್ರೂ ಲಿವರ್ ಬರಂಗಿಲ್ಲ. ಗಾಡಿ ಒಂದೀಟು ಹಿಂದಕ್ಕ ಓಡಿಸಿದ್ರ ಮಾತ್ರ ಸಡಿಲಾಗ್ತೈತಿ. ಅವತ್ತು ಇವ್ರು ಲಿವರ್ ತಗಿಯಾಕ ಮರ್ತುಬಿಟ್ರು. ಯಾಕ ಮರ್ತ್ರು ಅಂತ ಕೇಳಿದ್ರ ಇವತ್ತಿಗೂ ನನ್ನ ಕಡಿ ಬಟ್ಟು ತೋರಿಸ್ತಾರ.

ಹಿಂಗಾಗಿ ಹೊಸಾ ಮದುಮಗಳನ್ನ ಕುಂದರಿಸ್ಕೊಂಡು ಜೀಪು ಹಿಂದಕ್ಕ ಹೊಂಟಿತು, ವಾಪಸ್ ಕುರುಗೋಡಿನ ಕಡಿಗೆ. ಸೋದರತ್ತಿ ಹಿಂದಿನಿಂದ ಒಂದೇ ಸವನ, "ಅಯ್ಯ ಶಿವನ, ತವರಿಗೆ ತಿರುಗಿ ಒಯ್ಯಾಕತ್ತಾನಲ್ಲಪ್ಪಾ" ಅಂತ ಹಣಿ ಹಣಿ ಬಡ್ಕೊಂಡ್ಲು. ನಂಗ ಅಳು ಬಂತು. ಇವ್ರು ಹಿಂದಕ್ಕ ನೋಡಾಕ ಕುತ್ತಿಗಿ ತಿರುವಿದ್ರು ನೋಡ್ರಿ, ಮುಖ ನನ್ನ ಮುಖಕ್ಕ ಒಂದು ಗೇಣಿನಷ್ಟು ಹತ್ರ ಬಂತು. "ಅಂಜಬ್ಯಾಡ, ಬಿಗಿದಿದ್ದು ಬಿಡ್ತೈತಿ" ಅಂದ್ರು. ಗಂಡ ನಂಗ ಹೇಳಿದ ಮೊದಲನೇ ಮಾತು ಅದು.

ಮನುಷ್ಯ ಒಳ್ಳೇವ್ರು. ಮಾತು ಮಾತ್ರ ಕಡಿಮಿ. ಅವ್ರ ಪಾಲಿಂದೂ ಸೇರಿಸಿ ನಾನೇ ಮಾತಾಡ್ತಿದ್ದೆ. ಅಡಿಗಿ ಮನಿಯಿಂದ ನಾ ಹೇಳ್ತಾ ಹೋಗೋದು, ಜೀಪಿನ ಕೆಳಗಿಂದ ಅವ್ರು ಹೂಂ ಅನ್ನೋದು, ಹಂಗೇ ನಮ್ಮ ಮಗಳು ಅರುಣಾ ದೊಡ್ಡಾಕಿ ಆದ್ಲು, ಸಾಲಿ ಟೀಚರ್ ಆದ್ಲು, ಕುರುಗೋಡಿಗೇ ಲಗ್ನ ಆಗಿ ಹೋದ್ಲು.

ಹ್ವಾದ ವರ್ಷ ನಾಟಿ ಹಂಗಾಮು ಶುರುವಾಗೋ ಹೊತ್ತಿಗೆ ಈ ಹೂಂ ಅನ್ನೋದು ತಪ್ಪಾಕ ಹತ್ತಿತು. ಊಟಕ್ಕ ಬರ್ರಿ ಅಂತ ಮೂರು ಸಲ ಕರೆದ್ರೂ ಬರಂಗಿಲ್ಲ. ಮಗಳು ಬರ್ತಾಳಂತ, ಏನು ಮಾಡ್ಲಿ ಅಂತ ಕೇಳಿದ್ರ, "ಹೂಂ, ಚಲೋ ಆತು" ಅಂತಾರ. ಟಿವಿ ದನಿ ಏರಸ್ತಾರ, ನಾ ಇಳಸ್ತೀನಿ, ಮತ್ತ ಏರಸ್ತಾರ. ವಯಸ್ಸಾದಂಗ ಗಂಡಸರಿಗೆ ಸೊಕ್ಕು ಬರ್ತೈತಿ ಅಂತ ತಿಳ್ಕೊಂಡೆ. ಹೆಂಡ್ತಿ ಮಾತು ಅಂದ್ರ ಕಸ ಆಗೈತಿ ಇವ್ರಿಗೆ ಅನ್ಕೊಂಡೆ.

ಒಂದಿನ ಬೆಳಿಗ್ಗೆ ಬಚ್ಚಲದಾಗ ಕಾಲು ಜಾರಿ ಬಿದ್ದೆ. ಮೊಣಕಾಲು ಕಲ್ಲಿಗೆ ಬಡೀತು. "ಏನ್ರಿ, ಬರ್ರಿ ಇಲ್ಲೆ" ಅಂತ ಕೂಗಿದೆ. ಶೆಡ್ಡಿನ ಬಾಗ್ಲಾಗ ಹತ್ತು ಹೆಜ್ಜಿ ದೂರ ನಿಂತಿದ್ರು, ಬೆನ್ನು ಕಾಣ್ತಿತ್ತು ನಂಗ. ಮತ್ತ ಕೂಗಿದೆ. ತಿರುಗಿ ನೋಡಲಿಲ್ಲ. ಗ್ವಾಡಿ ಹಿಡ್ಕೊಂಡು ನಾನೇ ಎದ್ದೆ. ಕುಂಟಿಕೊಂತ ಹೊರಗ ಬಂದ್ರ ಆ ಮನುಷ್ಯ ತಿರುಗಿ ನೋಡಿ, "ಚಾ ಆತೇನು?" ಅಂದ್ರು.

ಅವತ್ತು ಮಾತು ಬಿಟ್ಟೆ. ಮೂವತ್ನಾಕು ವರ್ಷದಾಗ ಜಗಳ ಆಗಿದ್ವು, ಮಾತು ಬಿಟ್ಟಿದ್ದಿಲ್ಲ. ನನ್ನ ಬಾಯಿ ಸುಮ್ನಿದ್ರ ನನಗೇ ಉಸಿರು ಕಟ್ಟತೈತಿ, ಆದ್ರೂ ಹಲ್ಲು ಕಚ್ಕೊಂಡು ಇದ್ದೆ. ಗಂಗಾಳ ಕುಕ್ಕಿ ಇಟ್ಟು ಒಳಗ ಹೋಗಿಬಿಡೋದು. ಅವ್ರು ಅಡಿಗಿ ಮನಿ ಬಾಗ್ಲಿಗೆ ಬಂದು ನಿಂತು ಸುಮ್ನ ನನ್ನ ಕಡಿ ನೋಡ್ತಿದ್ರು. ನಾ ಒಲಿ ಕಡಿ ಮುಖ ಮಾಡಿ ಬೆನ್ನು ತೋರಿಸ್ತಿದ್ದೆ. ನೋಡ್ಲಿ, ತಿಳೀಲಿ ಅಂತ. ಐದನೇ ದಿನವೋ ಆರನೇ ದಿನವೋ, ಆ ಕಿವಿಕೋಲು ತಂದು ಅಡಿಗಿ ಮನಿ ಬಾಗ್ಲ ಚೌಕಟ್ಟಿಗೆ ಹಚ್ಚಿ, ಕಿವಿ ಇಟ್ಟು ನಿಂತಿದ್ರು. ಕಟಗಿಯೊಳಗ ಗೆದ್ದಲಾ ಹತ್ತೈತೇನೋ, ಅದನ್ನ ನೋಡಾಕತ್ತಾರ ಅನ್ಕೊಂಡೆ. ಏನು ಅಂತ ಕೇಳಲಿಲ್ಲ.

ಆಗ ಶೆಡ್ಡಿನಾಗ ಬಾದನಹಟ್ಟಿ ದೊಡ್ಡಬಸವರಾಜನ ಜೀಪಿತ್ತು. ನಲವತ್ತರ ಹರೇದವ, ಭತ್ತದ ರೈತ, ನಮ್ಮ ಹಳೇ ಗಿರಾಕಿ. ಸಿರುಗುಪ್ಪ ಹತ್ರ ಬ್ಯಾರೆಯವ್ರ ಗದ್ದಿ ಲಾವಣಿಗೆ ಹಿಡದು ಮಾಡ್ಯಾನ. ಅವ್ರಪ್ಪನ ಕಾಲದಿಂದ ಆ ಜೀಪಿಗೆ ಇವ್ರೇ ಕೈ ಹಚ್ಚೋದು. ಈ ಸಲ ನಡುವಿನ ಡಬ್ಬಿ ಬಿಚ್ಚಿದ್ರು. ಎಂಜಿನ್ನಿನ ಜೋರನ್ನ ಮುಂದಿನ ಗಾಲಿಗೊಂದಿಷ್ಟು, ಹಿಂದಿನ ಗಾಲಿಗೊಂದಿಷ್ಟು ಹಂಚಿ ಕೊಡೋ ಡಬ್ಬಿ ಅದು. ಅದಕ್ಕೊಂದು ಇಂಗ್ಲಿಷ್ ಹೆಸರೈತಿ, ನಾ ನಡುವಿನ ಡಬ್ಬಿ ಅಂತೀನಿ.

ಏಳನೇ ದಿನ ಮಧ್ಯಾಹ್ನ ಡಬ್ಬಿ ಕೂಡಿಸಿ, ಗಾಲಿ ಮ್ಯಾಲೆತ್ತಿ, ಎಂಜಿನ್ ಚಾಲು ಮಾಡಿದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ. ಎಂಜಿನ್ನಿನ ಸಪ್ಪಳದ ಕೆಳಗ ಇನ್ನೊಂದು ಸಪ್ಪಳ ಬಂತು. ಕಾಳು ಮುಗದ ಮ್ಯಾಲೂ ಬೀಸೋಕಲ್ಲು ತಿರುವಿದ್ರ ಕಲ್ಲಿಗೆ ಕಲ್ಲು ತಿಕ್ಕತೈತಲ್ಲ, ಅದು. ನನ್ನ ಕೈ ನಿಂತಿತು. ಈಗ ಬಂದ್ ಮಾಡ್ತಾರ, ಈಗ ಬಂದ್ ಮಾಡ್ತಾರ ಅಂತ ಕಾದೆ. ಇವ್ರು ಕೋಲು ಹಚ್ಚಿ, ಕಣ್ಣು ಮುಚ್ಚಿ, ಗೋಣು ಹಾಕಿ, ಬೇಷ್ ಆತು ಅಂದ್ರು. ಹೋಗಿ ಹೇಳ್ಲೇನು ಅಂತ ಒಂದು ಕಾಲು ಮುಂದಿಟ್ಟೆ. ಮೊಣಕಾಲು ಚಳಕ್ ಅಂತು. ನಂಗೇನು, ಅವ್ರಿಗೆ ಕಿವಿ ಇಲ್ಲೇನು, ದೊಡ್ಡ ಮೆಕ್ಯಾನಿಕ್ ಅವ್ರು ಅಂತ ರೊಟ್ಟಿ ತಿರುವಿ ಹಾಕಿದೆ. ಸಂಜೀಕ ದೊಡ್ಡಬಸವರಾಜ ಬಂದು ಜೀಪು ಒಯ್ದ.

ಮರುದಿನ ಗ್ಯಾಸ್ ಮುಗೀತು. ಸಿಟ್ಟು ಇಟ್ಕೊಂಡು ಒಲಿ ಹಚ್ಚಾಕ ಬರಂಗಿಲ್ಲ. ಅವ್ರ ಎದುರಿಗೆ ಹೋಗಿ ನಿಂತು, "ಗ್ಯಾಸ್ ಮುಗದೈತ್ರಿ" ಅಂತ ಅರಚಿದೆ. ಆ ಮುಖ ಅರಳಿದ್ದು ಏನು ಹೇಳ್ಲಿ. ಅರ್ಧ ತಾಸಿನಾಗ ಸಿಲಿಂಡರ್ ತಂದ್ರು, ಅದರ ಜೋಡಿ ಎರಡು ಮೊಳ ಮಲ್ಲಿಗಿ. ಗ್ಯಾಸ್ ಮುಗದೈತಿ ಅಂದ್ರ ಯಾರಾದ್ರೂ ಮಲ್ಲಿಗಿ ತರ್ತಾರೇನು? ಸೋತು ಬಂದ್ರು ಅಂತ ಮನಸ್ಸಿನೊಳಗ ಹಿಗ್ಗಿ ಮುಡ್ಕೊಂಡೆ.

ಆ ಹೂ ಬಾಡೋದ್ರೊಳಗ ಸುದ್ದಿ ಬಂತು. ಸಿರುಗುಪ್ಪ ಕಡಿ ಕಾಲುವಿ ದಂಡಿ ಮ್ಯಾಲ ದೊಡ್ಡಬಸವರಾಜನ ಜೀಪು ನಿಂತುಬಿಟ್ಟೈತಿ. ಸಸಿ ಕಟ್ಟು ತುಂಬಿದ್ದ, ನಾಟಿ ಹಚ್ಚೋ ಏಳು ಮಂದಿ ಹೆಣ್ಮಕ್ಕಳನ್ನ ಕುಂದರಿಸಿದ್ದ. ಕೆಸರಿನಾಗ ಮುಂದಿನ ಲಿವರ್ ಹಾಕಿ ಎಳಸಿದ್ದಕ್ಕ ನಡುವಿನ ಡಬ್ಬಿ ಕಚ್ಕೊಂಡು ನಾಕೂ ಗಾಲಿ ಜಾಮ್ ಆಗಿದ್ವು. ಹೆಣ್ಮಕ್ಕಳು ತಲಿ ಮ್ಯಾಲ ಕಟ್ಟು ಹೊತ್ಕೊಂಡು ಬಿಸಲಾಗ ಎರಡು ಹರದಾರಿ ನಡದ್ರಂತ. ಉಳಿದ ಸಸಿ ಬಾಡಿದ್ವು. ಗಾಲಿ ತಿರುಗ್ಲಿ ಅಂತ ಹಿಂದಿನ ಶಾಫ್ಟ್ ಮುಂದಿನ ಶಾಫ್ಟ್ ಎರಡೂ ಬಿಚ್ಚಿ, ಟ್ರಾಕ್ಟರಿಗೆ ಕಟ್ಟಿ ಜೀಪನ್ನ ನಮ್ಮ ಶೆಡ್ಡಿಗೆ ಎಳಕೊಂಡು ಬಂದ.

ಇವ್ರು ಆ ಕಡಿ ಮುಖ ಮಾಡಿ ಏನೋ ಅರ ಹಾಕಿ ತಿಕ್ಕಾಕತ್ತಿದ್ರು. ದೊಡ್ಡಬಸವರಾಜ ಹಿಂದ ನಿಂತು ಶುರು ಮಾಡಿದ. "ಏನ್ರಿ ಅಣ್ಣಾರ, ಇದು ಮಾಡೋ ಕೆಲಸ ಏನು? ನಾಟಿ ದಿನ ನನ್ನ ಮಾನ ಕಳದ್ರಲ್ರಿ." ಇವ್ರು ಅರ ತಿಕ್ಕತಾನೇ ಇದ್ರು. ಅವನ ದನಿ ಏರಿತು. "ನಿಮ್ಮನ್ನೇ ಕೇಳಾಕತ್ತೀನಿ ನಾನು. ತಪ್ಪು ಮಾಡಿ ಬೆನ್ನು ತೋರ್ಸಿ ನಿಂದ್ರತೀರೇನು?" ಟ್ರಾಕ್ಟರಿನವನೂ ಇಳದು ಬಂದ. ಇವ್ರು ಅರ ಎತ್ತಿ, ಊದಿ, ಬೆರಳಿಲೆ ಸವರಿ ನೋಡಿ, ಮತ್ತ ತಿಕ್ಕಾಕ ಹತ್ತಿದ್ರು. ಆವಾಗ ದೊಡ್ಡಬಸವರಾಜನ ಮುಖ ಬದಲಾತು. ಕಿಟಕಿಯೊಳಗ ನಿಂತಿದ್ದ ನನ್ನ ಕಡಿ ನೋಡಿದ.

ನಾ ಹೊರಗ ಬಂದು ಅವ್ರ ಹೆಗಲು ಮುಟ್ಟಿದೆ. ತಿರುಗಿದ್ರು. "ಓ ಬಸವರಾಜಾ, ಯಾವಾಗ ಬಂದಿಪಾ?" ಅಂತ ನಕ್ರು.

ಬಚ್ಚಲದಾಗ ನಾ ಕೂಗಿದ್ದು, ಟಿವಿ ದನಿ, ಚಲೋ ಆತು ಅಂದಿದ್ದು, ಎಲ್ಲಾ ಒಮ್ಮೆಲೆ ತಿಳೀತು. ಸೊಕ್ಕು ಅಂತ ಬೈಕೊಂಡಿದ್ದೆನಲ್ಲ ಆ ಮನುಷ್ಯಗ.

ಅರುಣಾ ಬಂದು ಕಿವಿ ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು. ಸಪ್ಪಳದೊಳಗ ಇದ್ದು ಇದ್ದು ಹೋಗೈತಿ, ಹೋಗಿದ್ದು ಬರಂಗಿಲ್ಲ ಅಂದ್ರು. ಕಿವಿಗೊಂದು ಮಶೀನ್ ಕೊಟ್ರು. ಅದನ್ನ ಹಾಕ್ಕೊಂಡ್ರ ಮನ್ಯಾಗ ನನ್ನ ಮಾತು ಕೇಳ್ತಿತ್ತು. ಶೆಡ್ಡಿಗೆ ಹೋದ್ರ ಎಂಜಿನ್ನು, ಗೇರು, ಬೇರಿಂಗು ಎಲ್ಲಾ ಕಲಸಿ ಒಂದೇ ಗದ್ದಲ. ಎರಡು ದಿನ ನೋಡಿದ್ರು. ಮೂರನೇ ದಿನ ಮಶೀನ್ ತಗದು ಜೇಬಿನಾಗ ಇಟ್ಕೊಂಡು, "ಸಾಕು ಬಿಡು" ಅಂದ್ರು. ಬ್ರೂಸ್‌ಪೇಟಿಯೊಳಗ ಹಳೇ ಸಾಮಾನು ಅಂಗಡಿ ಚಿದಾನಂದಪ್ಪಗ ಫೋನ್ ಹಚ್ಚಂದ್ರು. ನಾನೇ ಹಚ್ಚಿ, ಅವ್ರು ಹೇಳಿದ್ದು ನಾ ಹೇಳಿದೆ. ಸೋಮವಾರ ಗಾಡಿ ತಗೊಂಡು ಬಾ, ಚೈನ್ ಪುಲ್ಲಿ, ಕಬ್ಬಿಣದ ಬೆಂಚು, ನಟ್ಟು ತಿರುವೋ ಪಾನಾ, ಜಾಕು ಎಲ್ಲಾ ಒಯ್ಯಿ ಅಂತ.

ಮೂವತ್ನಾಕು ವರ್ಷದ ಕೆಲಸ ಸೋಮವಾರಕ್ಕ ಮುಗೀತಿತ್ತು. ಕಿವಿ ಹೋಗಿದ್ದಕ್ಕ ಅಂತ ಮಂದಿ ಅಂದ್ರು. ಕಿವಿ ಹೋಗಿತ್ತು ಖರೆ, ಆದ್ರ ಅವತ್ತು ನಾ ನಾಕು ಹೆಜ್ಜಿ ನಡದು ಒಂದು ಮಾತು ಹೇಳಿದ್ರ ಆ ಜೀಪು ಶೆಡ್ಡು ಬಿಟ್ಟು ಹೋಗ್ತಿದ್ದಿಲ್ಲ. ಇದು ನನಗೊಬ್ಬಾಕಿಗೇ ಗೊತ್ತು.

ಶನಿವಾರ ದೊಡ್ಡಬಸವರಾಜ ಬಂದ. ಚಪ್ಪಲಿ ಹೊರಗ ಬಿಟ್ಟು ಅಡಿಗಿ ಮನಿ ಬಾಗ್ಲಿಗೆ ಬಂದು, "ತಪ್ಪಾತಕ್ಕಾ, ಗೊತ್ತಿಲ್ದ ದನಿ ಏರಿಸಿದೆ" ಅಂದ. ಜೀಪು ಬ್ಯಾರೆ ಕಡಿ ಒಯ್ಯಿ ಅಂತ ಇವ್ರು ಹೇಳಿದ್ರಂತ, ಒಯ್ಯಾಕ ಅವನಿಗೆ ಮನಸ್ಸಿರಲಿಲ್ಲ. "ಅಪ್ಪ ಇದ್ದಾಗಿಂದ ಇವ್ರ ಕೈ ಬಿಟ್ಟು ಬ್ಯಾರೆಯವ್ರ ಕೈ ಹಚ್ಚಿಸಿಲ್ಲಕ್ಕಾ" ಅಂದ.

ನಾ ಹಿಟ್ಟಿನ ಕೈ ಒರೆಸ್ಕೊಂಡು ಶೆಡ್ಡಿಗೆ ಹೋದೆ. ಇವ್ರು ಬೆಂಚಿನ ಮ್ಯಾಲ ಸುಮ್ನ ಕುಂತಿದ್ರು. ಎದುರಿಗೆ ನಿಂತು, ಬಾಯಿ ಕಾಣೋ ಹಂಗ, ಸಾವಕಾಶ ಹೇಳಿದೆ. "ಆ ನಡುವಿನ ಡಬ್ಬಿ ಬಿಚ್ಚ್ರಿ. ಅದರಾಗ ಸಪ್ಪಳ ಇತ್ತು. ಕಾಳಿಲ್ದ ಬೀಸೋಕಲ್ಲು ತಿರುವಿದಂಗ."

ಬೆಂಚು ಬಿಟ್ಟು ಎದ್ರು. "ಒಂದೇ ಸವನ ತಿರುಗ್ತಿತ್ತೋ, ಹಿಡಿದು ಹಿಡಿದು ತಿರುಗ್ತಿತ್ತೋ?" ಅಂತ ಕೇಳಿದ್ರು.

"ಹಿಡಿದು ಹಿಡಿದು. ಮೂರು ಸುತ್ತಿಗೊಮ್ಮೆ ತಡದಂಗ."

"ಯಾವಾಗ ಕೇಳಿದಿ?"

"ಮೊದಲು ಬಿಚ್ಚ್ರಿ," ಅಂದೆ.

ಬಿಚ್ಚಿದ್ರು. 'ಇಲ್ಲೆ ಹಿಡಿ' ಅಂದ್ರ ದೊಡ್ಡಬಸವರಾಜ ಹಿಡಿದ. ಡಬ್ಬಿಯೊಳಗ ನಡುವಿನ ಗೇರಿನ ಪಕ್ಕ ಒಂದು ತೆಳ್ಳಗಿನ ವಾಷರ್ ಇರ್ತೈತಿ. ಅದಕ್ಕೊಂದು ಸಣ್ಣ ಮೂತಿ, ಆ ಮೂತಿ ಡಬ್ಬಿಯ ಕಚ್ಚಿನಾಗ ಕುಂದರಬೇಕು. ಕೂಡಿಸುವಾಗ ಒಂದು ಎಳ್ಳಿನಷ್ಟು ಜಾರಿದ್ರೂ ಕಣ್ಣಿಗೆ ಕಾಣಂಗಿಲ್ಲ, ಸಪ್ಪಳದಾಗೇ ತಿಳೀಬೇಕು. ಜಾರಿತ್ತು. ಗೇರಿನ ಜೋಡಿ ತಾನೂ ತಿರುಗಿ ತಿರುಗಿ ಅರದುಹೋಗಿತ್ತು. ಇವ್ರು ಆ ತುಂಡನ್ನ ಅಂಗೈಯಾಗ ಇಟ್ಕೊಂಡು, "ಇದೇ" ಅಂದ್ರು. ಹದಿನೈದು ದಿನದ ಮ್ಯಾಲ ಆ ಮುಖದಾಗ ಒಂದು ಕಳಿ ಬಂತು.

ಗೇರು ಹೋಗಿತ್ತು, ಹೊಸಾದು ಸಿಗಂಗಿಲ್ಲ. ಸೋಮವಾರ ಚಿದಾನಂದಪ್ಪ ಟೆಂಪೋ ತಗೊಂಡು ಬಂದ್ರ, ನಾ ಬಾಗ್ಲಾಗೇ ನಿಂತು, "ಪಾನಾ ಕೊಡಂಗಿಲ್ಲ, ಇಂಥಾ ಗೇರು ನಿನ್ನ ಗುಜರಿಯೊಳಗ ಐತೇನು ನೋಡು" ಅಂತ ಕಳಿಸಿದೆ. ಒಯ್ಯಾಕ ಬಂದವ ಸಂಜೀಕ ಗೇರು ತಂದು ಕೊಟ್ಟು, ಚಾ ಕುಡದು ಹೋದ. ಇವ್ರು ವಾಷರಿಗೆ ಗ್ರೀಸ್ ಹಚ್ಚಿ, ಮೂತಿ ಕಚ್ಚಿನಾಗ ಕುಂತಿದ್ದನ್ನ ಬೆರಳಿಲೆ ಮೂರು ಸಲ ಮುಟ್ಟಿ ನೋಡಿ ಕೂಡಿಸಿದ್ರು.

ಬುಧವಾರ ಎಂಜಿನ್ ಚಾಲು ಮಾಡಿದ್ರು. ರೂಢಿಯಂಗ ಕೋಲು ಡಬ್ಬಿಗೆ ಹಚ್ಚಿ, ತಮ್ಮ ಕಿವಿಗೆ ತಂದ್ರು. ಒಂದು ಗಳಿಗಿ ಹಂಗೇ ಇದ್ದು, ಕೋಲಿನ ತುದಿ ನನ್ನ ಕಡಿ ಹಿಡಿದ್ರು. ಸುಟ್ಟು ಕರ್ರಗಾಗಿದ್ದ ತುದಿ. ನಾ ಬಗ್ಗಿ ಕಿವಿ ಇಟ್ಟು ಕಣ್ಣು ಮುಚ್ಚಿದೆ. ಅಷ್ಟು ವರ್ಷ ಗ್ವಾಡಿ ಆಚೆ ಕೇಳಿದ್ದೆಲ್ಲಾ ನನ್ನ ತಲಿಯೊಳಗೇ ಬಂದು ನಿಂತಿತು.

"ಏನಂತೈತಿ?" ಅಂದ್ರು.

"ಅನ್ನ ಕುದಿಯಾಕತ್ತೈತಿ. ಮುಚ್ಚಳ ಇನ್ನಾ ಕುಣಿಯಾಕತ್ತಿಲ್ಲ."

"ಹಂಗಿದ್ರ ಚಲೋ ಐತಿ," ಅಂದ್ರು. "ಬಾ, ಓಡಿಸಿ ನೋಡೋಣು."

ದೊಡ್ಡಬಸವರಾಜ ಶೆಡ್ಡಿನಾಗ ಉಳಿದ. ನಾ ಮುಂದಿನ ಸೀಟಿನ್ಯಾಗ ಕುಂತೆ, ಲಗ್ನ ಆದ ಮರುದಿನ ಕುಂತಂಗ. ಕುರುಗೋಡು ರೋಡ್ ಹಿಡಿದು ಹೋಗಿ, ಕಾಲುವಿ ಪಕ್ಕದ ಕೆಸರಿನ ದಾರಿಗೆ ಇಳಿದ್ರು, ಮುಂದಿನ ಲಿವರ್ ಹಾಕಿದ್ರು. ಜೀಪು ಎಮ್ಮಿ ಹಂಗ ಕೆಸರು ತುಳ್ಕೊಂತ ಹೋತು. ನಾ ಕಿವಿ ನಿಗರಿಸಿ ಕುಂತಿದ್ದೆ. ಬೀಸೋಕಲ್ಲು ಎಲ್ಲೂ ಇರಲಿಲ್ಲ. ಅರ್ಧ ಮೈಲಿ ಹೋಗಿ, ಮ್ಯಾಲ ಡಾಂಬರ್ ರೋಡಿಗೆ ಹತ್ತಿದ್ವಿ. ಮೊದಲನೇ ತಿರುವಿನಾಗ ಟಯರ್ ಕಿರ್ ಕಿರ್ ಅಂತ ಒದರಿದ್ವು.

ಅವ್ರ ತೋಳು ತಟ್ಟಿದೆ. "ಲಿವರ್ ತಗದ್ರೇನು?"

ಕೆಳಗ ನೋಡಿದ್ರು. ತಗದಿರಲಿಲ್ಲ. ಟಯರಿನ ಆ ಸಪ್ಪಳ ಕೇಳಿ ನೆನಪು ಮಾಡ್ಕೊಳ್ಳೋದು ಅವ್ರ ರೂಢಿ, ಈಗ ಅದು ಕೇಳ್ಸಂಗಿಲ್ಲ. ಗಾಡಿ ನಿಲ್ಲಿಸಿ ಜಗ್ಗಿದ್ರು, ಬರಲಿಲ್ಲ. ಬಿಗಿದಿತ್ತು. ನನ್ನ ಕಡಿ ನೋಡಿ ನಕ್ರು. ನಂಗೂ ನಗು ಬಂತು. ಹಿಂದೂ ಮುಂದೂ ಯಾರೂ ಇರಲಿಲ್ಲ. ರಿವರ್ಸ್ ಹಾಕಿ, ಎಡಗೈ ನನ್ನ ಸೀಟಿನ ಹಿಂದಿಟ್ಟು, ಕುತ್ತಿಗಿ ತಿರುವಿದ್ರು. ಮುಖ ಒಂದು ಗೇಣು ದೂರ. ಕಿವಿ ಮ್ಯಾಲಿನ ಕೂದಲೆಲ್ಲಾ ಬೆಳ್ಳಗಾಗಿದ್ವು. ಇಷ್ಟು ಹತ್ರ ಇದ್ರ ನನ್ನ ತುಟಿ ಅವ್ರಿಗೆ ಚಂದಾಗಿ ಕಾಣ್ತೈತಿ, ಈಗ ಹೇಳ್ಲಿಲ್ಲಂದ್ರ ಇನ್ಯಾವಾಗ ಅನಿಸ್ತು.

"ಅವತ್ತು ನಂಗ ಕೇಳ್ಸಿತ್ತು," ಅಂದೆ. "ನೀವು ಗಾಡಿ ಕೊಡೋಕಿಂತ ಮುಂಚೇನೇ. ಕೇಳ್ಸಿದ್ರೂ ಹೇಳ್ಲಿಲ್ಲ. ಬಚ್ಚಲದಾಗ ಬಿದ್ದು ಕೂಗಿದ್ರೂ ಬರಲಿಲ್ಲ ಅಂತ ಸಿಟ್ಟಿಗೆ ಮಾತು ಬಿಟ್ಟಿದ್ದೆ. ಎಂಟು ದಿನ ಬಾಯಿ ತಗೀಲಿಲ್ಲ ನಾನು. ನಿಮ್ಮ ಮರ್ಯಾದಿ ಕಳದಾಕಿ ನಾನೇ."

ಹಿಂದಕ್ಕ ಹೊಂಟಿದ್ದ ಜೀಪು ನಿಂತಿತು. ಬೈತಾರ ಅನ್ಕೊಂಡೆ, ಬೈದ್ರ ಚಲೋ ಅನ್ಕೊಂಡೆ. ಅವ್ರು ಮೊದಲು ನನ್ನ ಮೊಣಕಾಲಿನ ಮ್ಯಾಲ ಕೈ ಇಟ್ರು.

"ಬಿದ್ದಿದ್ದೇನು?"

"ಹೂಂ."

"ಮಾತು ಬಿಟ್ಟಿದ್ದೇನು ನೀನು? ನೀನಾಗೇ?"

"ಹೂಂ."

"ಎಂಟು ದಿನಾನೂ?"

"ಹೂಂ ಅಂದೆನಲ್ರಿ."

ಮುಖ ಎರಡೂ ಕೈಯಾಗ ಮುಚ್ಕೊಂಡ್ರು. ಹೆಗಲು ಅಲಗಾಕತ್ತಿದ್ವು. ನಗತಾರೋ ಅಳ್ತಾರೋ ತಿಳೀಲಿಲ್ಲ. ಆಮ್ಯಾಲ ಕೈ ತಗದು ಹೇಳಿದ್ರು. ಆ ಮನುಷ್ಯ ಒಮ್ಮೆಲೆ ಅಷ್ಟು ಮಾತಾಡಿದ್ದನ್ನ ನಾ ಕೇಳಿದ್ದೇ ಇಲ್ಲ.

"ನೀ ಯಾವಾಗರ ಸುಮ್ನಿದ್ದಿ ಏನು, ನಂಗ ಹೆಂಗ ತಿಳೀಬೇಕು? ಒಂದೊಂದೇ ಸಪ್ಪಳ ಕಿವಿ ಬಿಟ್ಟು ಹೊಂಟಿದ್ದು ಗೊತ್ತಿತ್ತು ನಂಗ. ಬೇರಿಂಗಿಂದು ಹೋತು, ಹೋಗ್ಲಿ ಅನ್ಕೊಂಡೆ. ಒಂದಿನ ಎದ್ದೆ, ನಿನ್ನ ದನಿ ಇರಲಿಲ್ಲ. ಅದೂ ಹೋತು ಅನ್ಕೊಂಡೆ. ಅಡಿಗಿ ಮನಿ ಬಾಗ್ಲಿಗೆ ಬಂದು ನಿಂದ್ರತಿದ್ದೆ, ನೀ ಅತ್ಲಾಗ ಮುಖ ಮಾಡಿ ಏನೋ ಮಾತಾಡಾಕತ್ತಿದಿ ಅಂತಾನೇ ತಿಳ್ಕೊಂಡಿದ್ದೆ. ಚೌಕಟ್ಟಿಗೆ ಕೋಲು ಹಚ್ಚಿ ಕೇಳಿದೆ. ಅದರೊಳಗೂ ನೀ ಇರಲಿಲ್ಲ."

ಕಣ್ಣೀರು ಸೆರಗಿನಿಂದ ಒರೆಸ್ಕೊಂಡೆ, ಮತ್ತ ಬಂದ್ವು. ಶಿಕ್ಷಾ ಕೊಡ್ತೀನಿ ಅಂತ ಎಂಥಾದ್ದು ಕೊಟ್ಟೆ ನಾನು ಈ ಜೀವಕ್ಕ.

"ಗ್ಯಾಸ್ ಮುಗದೈತಿ ಅಂತ ಅರಚಿದಿಯಲ್ಲ," ಅಂದ್ರು, "ಅವತ್ತು ಮತ್ತ ಕೇಳ್ಸಿತು."

ಲಿವರಿನ ಮ್ಯಾಲ ಕೈ ಇಟ್ಟು ಜಗ್ಗಿದ್ರು. ಒಳಗ ಟಕ್ ಅಂತು. ಅವ್ರಿಗದು ಕೇಳ್ಸಲಿಲ್ಲ, ನನ್ನ ಮುಖ ನೋಡಿದ್ರು. "ಬಿಡ್ತು," ಅಂದೆ.

ಎಂಜಿನ್ ಬಂದ್ ಮಾಡಿ, ಜೇಬಿನಾಗಿನ ಮಶೀನ್ ತಗದು, ಗ್ರೀಸಿನ ಬೆರಳು ಅಂಗಿಗೆ ಒರೆಸ್ಕೊಂಡು, ಕಿವಿಗೆ ಹಾಕ್ಕೊಂಡ್ರು. "ಮಾತಾಡು," ಅಂದ್ರು.

ಏನು ಮಾತಾಡ್ಲಿ ಅಂತ ಮೂವತ್ನಾಕು ವರ್ಷದಾಗ ನಾ ಯೋಚನಿ ಮಾಡಿದ್ದು ಅದೊಂದೇ ಸಲ. ಮೊಣಕಾಲಿನಿಂದ ಶುರು ಮಾಡಿದೆ. ಇನ್ನಾ ನೋಯ್ತೈತ್ರಿ, ಎಣ್ಣಿ ತಿಕ್ಕಬೇಕು ನೀವು ಅಂದೆ. ಆಮ್ಯಾಲ ಹುಣಸಿಹಣ್ಣಿಂದು ಬಂತು, ಅರುಣಾನ ಅತ್ತಿದು ಬಂತು, ಹಿತ್ತಲದ ನಲ್ಲಿ ಸೋರೋದು ಬಂತು. ಅವ್ರು ಹೂಂ, ಹೂಂ ಅಂತ ಕೇಳಿದ್ರು. ದೊಡ್ಡಬಸವರಾಜ ಶೆಡ್ಡಿನಾಗ ದಾರಿ ಕಾಯ್ಕೊಂತ ಕುಂತಾನ ಅನ್ನೋದು ಇಬ್ರಿಗೂ ನೆನಪಾಗಲಿಲ್ಲ.